ಕೊಟ್ರಬಸಪ್ಪನ ತವರು ಮಣ್ಣು

"ಎಲೆ ಮುಟ್ಟಿದ್ರೆ ಸಾಕು, ಗಂಡೋ ಹೆಣ್ಣೋ ಹೇಳಿಬಿಡ್ತೀನ್ರೀ" ಎಂಬುದು ಸವಳಂಗದಲ್ಲಿ ಜಾಯಿಕಾಯಿ ಸಸಿ ಮಾರುವ ಕೊಟ್ರಬಸಪ್ಪನ ಬಡಾಯಿ. ಜಾಯಿಕಾಯಿಯಲ್ಲಿ ಕಾಯಿ ಬಿಡುವುದು ಹೆಣ್ಣು ಮರ. ಗಂಡು ಹೂ ಬಿಟ್ಟು ಸುಮ್ಮನಾಗುತ್ತದೆ. ಹೀಗಾಗಿ ಅವನ ಬೆರಳಿಗೆ ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಮರ್ಯಾದೆ. ಅವನು ಬಸ್ಸು ಹತ್ತಿದರೆ ದಾರಿಬದಿಯ ಗಂಡು ಮರಗಳು ಹೆದರಿ ಎಲೆ ಉದುರಿಸುತ್ತವೆಂದು ಸೂಳೆಕೆರೆಯ ಮೀನಿಗೂ ಗೊತ್ತು. ಪ್ರತಿ ಸಸಿಯ ಜೊತೆ ತಾಯಿಮರದ ಬುಡದ ಒಂದು ಹಿಡಿ ಮಣ್ಣನ್ನೂ ಮಡಿಲಕ್ಕಿಯ ಹಾಗೆ ಕಟ್ಟಿಕೊಡುತ್ತಾನೆ. "ಇದು ತವರು ಮಣ್ಣು. ಇದರಾಗಿನ ಬಿಳಿ ಬೂಷ್ಟು ಬೇರಿಗೆ ಹತ್ತಿದ್ರೆ ಗೇಣುದ್ದ ಗಿಡ ಮಾರುದ್ದ ಆಗ್ತೈತೆ. ಗಂಡು ಬಂದ್ರೆ ಕಡಿದು ಒಲೆಗೆ ಹಾಕ್ರಿ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು." ಆದರೆ ಅವನದೇ ಹಿತ್ತಲಲ್ಲಿ, ಹೆಂಡತಿ ಶಾಂತಾದೇವಿ ಕಾಯಿಗೆ ಆಸೆಪಟ್ಟಳೆಂದು, ಎರಡು ಸಸಿಯ ಎಲೆ ಮುಟ್ಟಿ, ಎರಡೂ ಹೆಣ್ಣೆಂದೇ ಅಕ್ಕಪಕ್ಕ ನೆಟ್ಟು ತವರು ಮಣ್ಣು ಹಾಕಿದ್ದ. ಒಂದು ಗಂಡಾಯಿತು. ಬೂಷ್ಟಿನ ಎಳೆ ಎರಡರ ಬೇರನ್ನೂ ಹೆಣೆಯಿತು. ಆ ಎಳೆಯಲ್ಲೇ ಹೆಣ್ಣಿನ ಸಾರವೆಲ್ಲ ಗಂಡಿಗೆ ಹರಿದು, ಗಂಡು ಸೂರು ದಾಟಿತು. ಹೆಣ್ಣು ವರ್ಷಕ್ಕೆ ನಾಲ್ಕು ಹೂ ಬಿಟ್ಟು, ಅವನ್ನೂ ಉದುರಿಸಿ, ಎದೆಯೆತ್ತರದಲ್ಲೇ ನಿಂತಿತು. ಶಾಂತಾದೇವಿ ಒಂದು ಕಾಯಿಯನ್ನೂ ಕಾಣದೆ ಹೋದ ವರ್ಷ ತೀರಿಕೊಂಡಳು. ಮೊನ್ನೆ ಮಗಳು ಶಾಂತಲಾ ಕೊಡಲಿ ತಂದಿಟ್ಟಳು. "ಅಪ್ಪ, ಅವ್ವನ ಗಿಡ ಒಣಗಾಕೆ ಹತ್ತೈತೆ. ಊರಿಗೆಲ್ಲಾ ಹೇಳ್ತೀಯಲ್ಲ, ನೀನೂ ಗಂಡು ಕಡಿ." ಕೊಟ್ರಬಸಪ್ಪ ಕೊಡಲಿ ಮುಟ್ಟಲಿಲ್ಲ, ಸಣ್ಣ ಗಿಡದ ಎಲೆ ಸವರಿದ. "ನಿಮ್ಮವ್ವ ನನಗೆ ಬಡಿಸಿ, ಉಳಿದಿದ್ರೆ ಉಣ್ತಿದ್ಲವ್ವ. ಆವಾಗ ಯಾರೂ ಕೊಡಲಿ ತರಲಿಲ್ಲವಲ್ಲ."