ಮಡ್‌ಗಾರ್ಡ್ ಮೇಲಿನ ಸೀಟು

“ಅಣ್ಣಾ, ಆ ಸೀಟು ಯಾರಿಗೆ?”

ಜಾವಗಲ್‌ನ ವೆಲ್ಡಿಂಗ್ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ಅಪರಿಚಿತ ಹೆಂಗಸು ಕೇಳಿದರು. ನನ್ನ ಮಿನಿ ಟ್ರ್ಯಾಕ್ಟರ್‌ನ ಮಡ್‌ಗಾರ್ಡ್ ಮೇಲೆ ನಾನೇ ಹಳೇ ಬೈಕಿನ ಸೀಟೊಂದನ್ನು ಕೂರಿಸಿದ್ದೆ. ಹಿಡಿದುಕೊಳ್ಳಲು ಒಂದು ಕಂಬಿ ಬೆಸುಗೆ ಹಾಕಿಸುವುದಷ್ಟೇ ಬಾಕಿ ಇತ್ತು.

“ನಮ್ಮನೆಯೋಳಿಗೆ ಕಣಮ್ಮ. ತೋಟಕ್ಕೆ ದಿನಾ ನಡ್ಕೊಂಡೇ ಹೋಗ್ತಾಳೆ,” ಎಂದೆ ಹೆಮ್ಮೆಯಿಂದ.

ಆಕೆ ಸೀರೆಯ ಅಂಚನ್ನು ತುಸು ಎತ್ತಿದರು. ಮೊಣಕಾಲಿನ ಕೆಳಗೆ ಕೃತಕ ಕಾಲಿತ್ತು. “ನಮ್ ಯಜಮಾನ್ರೂ ಹಿಂಗೇ ಆಸೆಪಟ್ಟು ಮಾಡಿದ್ರು. ಬದು ಹತ್ತೋವಾಗ ಜಾರಿ ಬಿದ್ದೆ, ಹಿಂದಿನ ಚಕ್ರ ಕಾಲ್ ಮೇಲೆ ಹತ್ತೋಯ್ತು. ಅವತ್ತಿಂದ ಅವ್ರು ಟ್ರ್ಯಾಕ್ಟ್ರು ಮುಟ್ಟಿಲ್ಲ ಕಣಣ್ಣ.”

ಅಷ್ಟರಲ್ಲಿ ಹಳೇಬೀಡಿನ ಬಸ್ಸು ಬಂತು, ಆಕೆ ಹತ್ತಿ ಹೋದರು. ನಾನು ಕಂಬಿ ಬೇಡವೆಂದು ಹೇಳಿ, ಅಂಗಡಿಯವನ ಸ್ಪ್ಯಾನರ್ ಈಸಿಕೊಂಡು ಸೀಟಿನ ಬೋಲ್ಟ್‌ಗಳನ್ನೆಲ್ಲ ಅಲ್ಲೇ ಬಿಚ್ಚಿದೆ. ಸೀಟಿಲ್ಲದ ಟ್ರ್ಯಾಕ್ಟರ್ ಕಂಡು ಹೆಂಡತಿ ಮುನಿಸಿಕೊಂಡಳು. ಅವಳಿಗೆ ಕಾರಣ ಹೇಳಲು ನನಗೆ ಎರಡು ದಿನ ಬೇಕಾಯಿತು.

ಈಗ ದಾರಿಯಲ್ಲಿ ಯಾರಾದರೂ ಮಡ್‌ಗಾರ್ಡ್ ಮೇಲೆ ಕೂತು ಹೋಗುತ್ತಿದ್ದರೆ ಕೈ ಅಡ್ಡ ಹಾಕಿ ನಿಲ್ಲಿಸುತ್ತೇನೆ. ಕೆಲವರು ಇಳಿಯುತ್ತಾರೆ, ಹೆಚ್ಚಿನವರು ನಕ್ಕು ಮುಂದೆ ಹೋಗುತ್ತಾರೆ. ಅವರು ಕಣ್ಮರೆಯಾಗುವವರೆಗೂ ನನಗೆ ಅಲ್ಲಿಂದ ಕದಲಲು ಆಗುವುದಿಲ್ಲ.