ಕೋಣೆ ಬೇಡದ ದೇವರು

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಅತ್ತೆ ಹಳ್ಳಿಯವರು. ಹೊಲವೆಲ್ಲ ಬಡಾವಣೆಯಾದ ಮೇಲೂ ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಆ ವರ್ಷವೇ ನಮ್ಮ ಹಿತ್ತಲಿನ ಬಾಡಿಗೆ ಮನೆಗೆ ವಯಸ್ಸಾದ ದಂಪತಿ ಬಂದರು. ಗಂಡ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ‘ನಾವು ಯೆಹೂದಿಗಳು’ ಅಂದಿದ್ದರು. ಅತ್ತೆ ಅದನ್ನು ಯಾವುದೋ ಊರಿನ ಹೆಸರೆಂದುಕೊಂಡಿದ್ದರು.

ಒಂದು ದಿನ ಅವರಿಗೆ ಮಜ್ಜಿಗೆ ಕೊಟ್ಟು ಬಂದ ಅತ್ತೆಯ ಮುಖ ಗಂಟಿಕ್ಕಿತ್ತು. “ದೇವ್ರ ಕೋಣೇಲಿ ಟ್ರಂಕು, ಅಕ್ಕಿ ಡಬ್ಬ ಇಟ್ಟವ್ರೆ ಕಣಮ್ಮ. ಮನೇಲಿ ಒಂದು ಪಟ ಇಲ್ಲ. ಬಾ, ಕೇಳೇಬಿಡೋಣ.”

ಆ ಮನೆಯಾಕೆ ಬೇಸರಪಡಲಿಲ್ಲ. ಚಾಪೆ ಹಾಸಿ ಕೂರಿಸಿದರು. “ನಮ್ಮ ದೇವ್ರಿಗೆ ರೂಪ ಇಲ್ರೀ ಅಕ್ಕಾರ. ಅವ ಒಬ್ಬನ. ಮೂರ್ತಿ ಮಾಡೂದು, ಪಟ ಇಡೂದು ನಮ್ಮಾಗ ಇಲ್ಲ.”

“ಹಂಗಾರೆ ಪೂಜೆ ಯಾವುದಕ್ಕೆ ಮಾಡ್ತೀರಿ?” ಅತ್ತೆ ಬಿಡಲಿಲ್ಲ.

“ಅವಂಗ ಖೋಲಿ ಬ್ಯಾಡ್ರಿ, ಒಂದು ದಿನ ಬೇಕು. ಶುಕ್ರವಾರ ಸಂಜೀ ಮುಂದ ಬರ್ರಿ, ನೋಡೀರಂತ.”

ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ಅತ್ತೆ ನನ್ನನ್ನು ಎಳೆದುಕೊಂಡು ಹೋದರು. ಮೇಜಿನ ಮೇಲೆ ಬಿಳಿ ಬಟ್ಟೆ, ಮುಚ್ಚಿಟ್ಟ ಚಪಾತಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ. ಆಕೆ ತಲೆಗೆ ಸೆರಗು ಹೊದ್ದು ಎರಡು ದೀಪ ಹಚ್ಚಿದರು. ಆಮೇಲೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಏನೋ ಮೆಲ್ಲಗೆ ಹೇಳಿಕೊಂಡರು. ಗಂಡ ಟೋಪಿ ಹಾಕಿಕೊಂಡು ರಸದ ಬಟ್ಟಲನ್ನು ಎತ್ತಿ ಹಿಡಿದು ರಾಗವಾಗಿ ಪ್ರಾರ್ಥಿಸಿದರು. ಒಂದು ಪದವೂ ನಮಗೆ ತಿಳಿಯಲಿಲ್ಲ.

“ದೀಪ ಹಚ್ಚಿ ಕಣ್ಣು ಮುಚ್ಕೋತಾರಲ್ಲೇ!” ಮನೆಗೆ ಬಂದ ಮೇಲೂ ಅತ್ತೆಗೆ ಅದೇ ಮಾತು.

ಮರುದಿನ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹಿಂದಿನ ದಿನವೇ ಮಾಡಿಟ್ಟ ಅಡುಗೆ. ಇಬ್ಬರೂ ಜಗುಲಿಯಲ್ಲಿ ಸುಮ್ಮನೆ ಕೂತಿದ್ದರು. ಸಗಣಿ ಬುಟ್ಟಿ ಹೊತ್ತು ಹೋಗುತ್ತಿದ್ದ ಅತ್ತೆ ನಿಂತು ಕೇಳಿದರು, “ಮೈ ಹುಷಾರಿಲ್ವಾ?”

ಆಕೆಯ ಗಂಡ ನಕ್ಕರು. “ಆರು ದಿನದಾಗ ಲೋಕ ಮಾಡಿ ಏಳನೇ ದಿನ ದೇವ್ರು ಕೆಲಸ ನಿಲ್ಲಿಸಿದ. ನಾವೂ ನಿಲ್ಲಸ್ತೀವಿ. ಆಳಿಗೂ ರಜಾ, ದನಕ್ಕೂ ರಜಾ.”

“ದನಕ್ಕೂನಾ?” ಅತ್ತೆಯ ಕಣ್ಣರಳಿತು. “ನಮ್ಮೂರಲ್ಲೂ ಸೋಮವಾರ ಎತ್ತಿಗೆ ನೊಗ ಕಟ್ತಿರಲಿಲ್ಲ, ಬಸವಣ್ಣನ ದಿನ ಅಂತ.” ಬುಟ್ಟಿಯನ್ನು ಸೊಂಟಕ್ಕೆ ಸರಿಸಿಕೊಂಡು ಹೇಳಿದರು, “ಎತ್ತಿಗೇನೋ ಇತ್ತು. ನಮಗಿರಲಿಲ್ಲ.”

ಆ ಮನೆಯಾಕೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಕುಂದರ್ರಿ.”

ಅತ್ತೆ ಬುಟ್ಟಿ ಇಳಿಸಿ ಕೂತೇಬಿಟ್ಟರು. ಅವರು ಹಗಲು ಹೊತ್ತಿನಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವತ್ತು ಹಾಲು ಕರೆಯುವ ಪಾಡು ನನ್ನದಾಯಿತು, ಹಸು ಒದೆಯಿತು.

ಆ ದಿನ ಮುಗಿಯುವುದು ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲಂತೆ. ಸಂಜೆ ಅವು ಕಂಡಾಗ ದಂಪತಿ ದೀಪ ಹಚ್ಚಿ, ಲವಂಗ ಮೂಸಿ ಆ ದಿನವನ್ನು ಕಳಿಸಿಕೊಟ್ಟರು. “ದಿನ ಹೋಗ್ತದಲ್ರೀ, ಮನಸ್ಸಿಗೆ ಸಮಾಧಾನ ಬೇಕು, ಅದಕ್ಕ ಈ ಘಮ,” ಅಂದರು ಆಕೆ.

ಮುಂದಿನ ಶನಿವಾರ ಸಂಜೆ ಅತ್ತೆ, ಮೂಸುವುದಕ್ಕೆಂದು ಹಿತ್ತಲಿನ ಘಮಘಮಿಸುವ ಮರುಗದ ಕುಡಿ ಕಿತ್ತು ಹಿಡಿದು ಅವರ ಅಂಗಳದಲ್ಲಿ ನಿಂತಿದ್ದರು. ಮೋಡ ಕವಿದಿತ್ತು.

“ಅಗೋ, ಒಂದು ಚುಕ್ಕಿ ಕಾಣ್ತು!”

“ಇನ್ನೂ ಎರಡು ಬೇಕ್ರೀ,” ಅಂದರು ಆಕೆಯ ಗಂಡ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ಹುಡುಕತೊಡಗಿದರು.