ಬುಧವಾರದ ಬಾಟಲಿ

ಚೌತಿಗೆಂದು ಇವತ್ತು ಬೆಳಿಗ್ಗೆ ಅಡುಗೆಮನೆಯ ಗೂಡು ಒರೆಸುತ್ತಿದ್ದೆ. ಮೇಲಿನ ಹಲಗೆಯಲ್ಲಿ ನಮ್ಮ ಹಿತ್ತಾಳೆ ಗಣಪ, ಕೆಳಗಿನದರಲ್ಲಿ ಬೇಳೆ ಡಬ್ಬಿಗಳು, ಅವುಗಳ ಪಕ್ಕ ಒಂದು ಹಸಿರು ಬಾಟಲಿ. ಎತ್ತಿಡುವಾಗ ಬಿರಡೆ ಸಡಿಲವಾಗಿ ಹೊಗೆಯ ವಾಸನೆ ಬಂತು. ಹೋಮ ಮುಗಿದ ಮಾರನೆಯ ದಿನವೂ ರೇಷ್ಮೆ ಸೀರೆಯಲ್ಲಿ ಉಳಿದಿರುತ್ತದಲ್ಲ, ಅಂಥದ್ದು. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಸ್ಕಾಚ್ ವಿಸ್ಕಿ. ಬಾಟಲಿ ನನ್ನದು.

ಇದರ ರುಚಿ ಹಿಡಿಸಿದವಳು ಐಲ್ಸಾ. ನಾವು ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ಹೊಸತರಲ್ಲಿ, ಊರಿಗೆ ಫೋನ್ ಮಾಡಲು ಕಾರ್ಡ್ ಕೊಂಡು ನಂಬರು ಕೆರೆಯುತ್ತಿದ್ದ ಕಾಲದಲ್ಲಿ, ಎದುರುಬಾಗಿಲಿನಲ್ಲಿದ್ದ ಸ್ಕಾಟ್ಲೆಂಡಿನ ಮುದುಕಿ. ಇಲ್ಲಿಯವನನ್ನು ಮದುವೆಯಾಗಿ ಬಂದು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು. ಅವಳ ಸ್ವೀಡಿಷ್‌ನಲ್ಲಿ ಅವಳ ಊರಿತ್ತು, ನನ್ನದರಲ್ಲಿ ನನ್ನ ಊರು. ಹಾಗಾಗಿ ತಪ್ಪುತಪ್ಪಾಗಿ ಮಾತಾಡಲು ಇಬ್ಬರಿಗೂ ನಾಚಿಕೆಯಿರಲಿಲ್ಲ. ಮಗಳನ್ನು ಇಲ್ಲಿನ ಶಿಶುವಿಹಾರ ದಾಗಿಸ್‌ಗೆ ಬಿಟ್ಟು ಬಂದರೆ ಮನೆ ಭಣಭಣ. ಚಳಿಗಾಲದಲ್ಲಂತೂ ಮಧ್ಯಾಹ್ನವೇ ದೀಪ ಹಚ್ಚಬೇಕು. ತಟ್ಟಿದರೆ ತೆರೆಯುವ ಬಾಗಿಲೊಂದು ಎದುರಿಗೇ ಇತ್ತು. ದೇವರು ಕೊಟ್ಟದ್ದನ್ನು ನಾನು ಸಣ್ಣದೆಂದು ಲೆಕ್ಕದಿಂದ ಬಿಡುವುದಿಲ್ಲ.

ಒಂದು ದಿನ ಕಾಫಿಯ ಬದಲು ಪುಟ್ಟ ಲೋಟದಲ್ಲಿ ಬೆರಳಗಲದಷ್ಟು ಹೊಂಬಣ್ಣದ್ದು ಮುಂದಿಟ್ಟಳು. ಬೇಡ ಬೇಡ ಅಂದೆ. ಕುಡಿಯಬೇಡ, ಮೂಸಿಯಾದರೂ ನೋಡು ಅಂದಳು. ಮೂಸಿದೆ. ಮೊದಲು ಗಾಯಕ್ಕೆ ಹಚ್ಚುವ ಟಿಂಚರ್, ಅದರ ಹಿಂದೆ ತುಪ್ಪ ಬಿದ್ದ ಸಮಿತ್ತಿನ ಹೊಗೆ. ಮತ್ತೊಮ್ಮೆ ಮೂಸಿದೆ. ಅವಳು ಕೇಳಿದಳು, “ಏನು ಸಿಕ್ಕಿತು? ಇದರಲ್ಲಿ ತಪ್ಪು ಉತ್ತರ ಇಲ್ಲ ಹುಡುಗೀ, ನಿನ್ನ ನಾಲಿಗೆ ನಿನ್ನದು.”

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನೈವೇದ್ಯದ ಅಡುಗೆಯನ್ನು ಮಾಡುವವಳು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಹತ್ತು ವರ್ಷದವಳಿದ್ದಾಗಿನಿಂದ ನಾನು ಉಪ್ಪನ್ನು ಕೈಯಳತೆಯಲ್ಲಿ, ಬೆಲ್ಲವನ್ನು ಕಣ್ಣಳತೆಯಲ್ಲಿ ಹಾಕಿದವಳು. ಮೊದಲು ದೇವರು, ಆಮೇಲೆ ಗಂಡಸರು, ಮಕ್ಕಳು. ಹದವಾಗಿದೆಯೋ ಇಲ್ಲವೋ ಅವರು ಹೇಳುತ್ತಿದ್ದರು. ಕೊನೆಗೆ ಉಳಿದದ್ದನ್ನು ನಾನು ಉಣ್ಣುತ್ತಿದ್ದೆ. ಇದು ದೂರಲ್ಲ. ನನಗೆ ಆ ನಿಯಮ ಇಷ್ಟ. ಆದರೆ ನಿನ್ನ ನಾಲಿಗೆಗೆ ಏನನ್ನಿಸಿತು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಕುಡಿದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ತೊಟ್ಟು ನೀರು ಬೆರೆಸಿಕೊಟ್ಟಳು. ಆಗ ಉಪ್ಪುಗಾಳಿ, ಸುಟ್ಟ ಬೆಲ್ಲ. ಹೇಳಿದೆ. ಅವಳು ಮೇಜು ಕುಟ್ಟಿ ನಕ್ಕಳು.

ಅವಳ ಅಪ್ಪ ಒಂದು ದ್ವೀಪದಲ್ಲಿ ವಿಸ್ಕಿ ಬಟ್ಟಿ ಇಳಿಸುವ ಕಡೆ ಕೆಲಸಕ್ಕಿದ್ದನಂತೆ. ರಾಗಿ ಮಾಲ್ಟಿಗೆ ನಾವು ಮೊಳಕೆ ಕಟ್ಟುವ ಹಾಗೆ ಅವರು ಬಾರ್ಲಿಯನ್ನು ಮೊಳಕೆ ಬರಿಸುತ್ತಾರೆ. ಜೌಗುನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ. ಇಳಿಸಿದ ವಿಸ್ಕಿ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿರುವಾಗ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದು ದೇವದೂತರ ಪಾಲು, ಅದಕ್ಕೆ ಯಾರೂ ಕೊರಗುವುದಿಲ್ಲ ಎಂದಳು. ನನಗೆ ವಿವರಿಸಬೇಕಾಗಲಿಲ್ಲ. ಮೊದಲು ಅವರಿಗೆ, ಉಳಿದದ್ದು ನಮಗೆ. ನಮ್ಮ ಮನೆಯದೇ ಪದ್ಧತಿ.

ವಾರಕ್ಕೊಮ್ಮೆ ಎಂದು ಗೊತ್ತುಮಾಡಿಕೊಂಡೆವು. ಒಂದು ವಾರ ಅವಳಲ್ಲಿ, ಒಂದು ವಾರ ನಮ್ಮಲ್ಲಿ, ನಮ್ಮ ಮನೆಯ ಬಾಟಲಿ ನಾನೇ ಕೊಂಡಿಟ್ಟೆ. ಸೋಮವಾರ ಶಿವ, ಮಂಗಳವಾರ ಗಣಪ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ. ಭಾನುವಾರ ಉಳಿಯಿತು ಅಂದುಕೊಂಡರೆ, ಅಂದು ಅವಳಿಗೆ ಚರ್ಚು, ಅವತ್ತು ಮುಟ್ಟುವುದಿಲ್ಲ. ಹೀಗೆ ದೇವರುಗಳೆಲ್ಲ ಸೇರಿ ನಮಗೆ ಬುಧವಾರವನ್ನು ಬಿಟ್ಟುಕೊಟ್ಟರು. ಏಕಾದಶಿ ಬಿದ್ದರೆ ಅದೂ ಇಲ್ಲ. ನಮ್ಮೆಜಮಾನರು ಕಾಫಿಯನ್ನೇ ಕಷಾಯದಂತೆ ಕುಡಿಯುವವರು. ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿದರು, ಬೇಡ ಅನ್ನಲಿಲ್ಲ. ಅದೂ ಒಂದು ಭಾಗ್ಯ.

ಚೌತಿಗೆ ಈ ಊರಿನ ಕನ್ನಡದ ಮನೆಗಳೆಲ್ಲ ಸೇರಿ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು ಗಣಪನನ್ನು ಕೂರಿಸುತ್ತಿದ್ದೆವು. ನೈವೇದ್ಯದ ಕಡುಬು ನನ್ನ ಪಾಲಿನ ಸೇವೆ. ಇಲ್ಲಿ ನನಗೆ ಸಂಬಳವಿಲ್ಲ, ಹುದ್ದೆಯಿಲ್ಲ, ಇದ್ದದ್ದು ಅದೊಂದೇ. ಒಂದು ವರ್ಷ ಹಬ್ಬದ ಮಾತುಕತೆ ನಮ್ಮ ಮನೆಯಲ್ಲಿ. ನಮ್ಮಲ್ಲಿ ಹಿರಿಯರಾದ ಸುಗುಣಕ್ಕ ಬೇಳೆ ಡಬ್ಬಿಯ ಪಕ್ಕ ಬಾಟಲಿ ಕಂಡು ನಮ್ಮೆಜಮಾನರತ್ತ ಕಣ್ಣು ಮಿಟುಕಿಸಿದರು.

“ಏನ್ ಭಾವಾ, ನಿಮಗೂ ಶುರುವಾಯ್ತಾ? ಇರ್ಲಿ ಬಿಡಿ, ಚಳಿ ದೇಶ.”

ಎಲ್ಲರೂ ನಕ್ಕರು. ಇವರು ಬೇಕಾದರೆ ನನಗಾಗಿ ಆ ಹೆಸರು ಹೊರುತ್ತೇನೆಂಬಂತೆ ನನ್ನ ಮುಖ ನೋಡಿದರು. ಸುಮ್ಮನಿದ್ದರೆ ಮುಗಿಯುತ್ತಿತ್ತು.

“ಅವರದಲ್ಲ ಅಕ್ಕ, ನಂದು,” ಅಂದೆ.

ನಗು ನಿಂತಿತು. ಹೊರಡುವಾಗ ಸುಗುಣಕ್ಕ ಬಾಗಿಲ ಬಳಿ ದನಿ ತಗ್ಗಿಸಿ, “ನಿನ್ ಪರ್ಸನಲ್ ಮ್ಯಾಟರಮ್ಮಾ, ನಾನೇನೂ ಅನ್ನಲ್ಲ. ಆದ್ರೆ ಆ ಕೈಯಲ್ಲಿ ನೈವೇದ್ಯ ಬೇಡ. ಈ ಸಲ ಡೆಕೊರೇಷನ್ ನೋಡ್ಕೋ,” ಅಂದರು.

“ವಿಸರ್ಜನೆ ದಿನ ಗಣಪನ್ನ ಎತ್ತೋರ ಬಾಯಿ ಒಂದ್ಸಲ ಮೂಸಿ ನೋಡಿ ಅಕ್ಕ. ಆಮೇಲೆ ನನ್ನ ಕೈ ವಿಚಾರ ಮಾತಾಡೋಣ.”

ಸಭಾಂಗಣದ ಹಿಂದೆ ಕಾರಿನ ಡಿಕ್ಕಿಯಲ್ಲಿ ಏನಿರುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸೇವೆ ಹೋದದ್ದು ನನ್ನದೇ. ಅಂದು ರಾತ್ರಿ ಅತ್ತೆ, ಸುಳ್ಳು ಹೇಳುವುದಿಲ್ಲ. ಆ ಚೌತಿಯಿಂದ ಮನೆಯ ಗಣಪನಿಗೇ ಕಡುಬು ಮಾಡಿಕೊಂಡೆ. ಐಲ್ಸಾ ಪ್ರತಿ ಚೌತಿಗೂ ಬಂದು, ಶೂ ಬಿಚ್ಚಿಟ್ಟು, ಕೈಮುಗಿದು, ಕಡುಬು ತಿಂದು ಹೋಗುತ್ತಿದ್ದಳು. ಕಳೆದ ಚಳಿಗಾಲ ಅವಳು ತೀರಿಕೊಂಡಳು. ಅವಳ ಮಗ ಈ ಬಾಟಲಿ ತಂದುಕೊಟ್ಟು, ಬುಧವಾರದವಳಿಗೆ ಎಂದು ಅಮ್ಮ ಹೇಳಿದ್ದಳು ಅಂದ.

ಹೋದ ವಾರ ಸುಗುಣಕ್ಕ ಫೋನ್ ಮಾಡಿದ್ದರು. ಕಡುಬಿಗೆ ಜನ ಸಿಗುತ್ತಿಲ್ಲ, ವಾಪಸ್ ಬಾ ಎಂದು.

“ಬಿಟ್ಟಿದೀನಿ ಅಂತ ಒಂದ್ ಮಾತು ಹೇಳು ಸಾಕು. ಎಲ್ಲರನ್ನೂ ನಾನು ಒಪ್ಪಿಸ್ತೀನಿ.”

“ಬಿಟ್ಟಿಲ್ವಲ್ಲ ಅಕ್ಕ.”

“ಹೇಳೋಕೇನೇ ಹೋಗತ್ತೆ ನಿಂಗೆ?”

“ಗಣಪತಿ ಕಡುಬಿಗೆ ಸುಳ್ಳಿನ ಹೂರಣ ತುಂಬಲಾ?”

ಯೋಚಿಸಿ ಹೇಳ್ತೀನಿ ಅಂದರು. ಹೇಳಿಲ್ಲ. ನಾನೂ ಕಾದಿಲ್ಲ.

ಇವತ್ತು ಬುಧವಾರವೇ, ಆದರೆ ಚೌತಿ. ಬಿರಡೆ ಒತ್ತಿ ಮುಚ್ಚಿ ಬಾಟಲಿಯನ್ನು ಅದರ ಜಾಗದಲ್ಲೇ ಇಟ್ಟೆ, ಹಿಂದಕ್ಕೆ ತಳ್ಳಲಿಲ್ಲ. ಮಡಿಯುಟ್ಟು, ರುಚಿ ನೋಡದೆ, ಮೂಸದೆ ಕಡುಬು ಮಾಡಿದೆ. ಗಣಪನಿಗೆ ಕೈಮುಗಿದು ನೈವೇದ್ಯ ತೋರಿಸಿದೆ. ಇವರೂ ಮಗಳೂ ಹೊರಗೆ ಊಟದ ಕರೆಗೆ ಕಾಯುತ್ತಿದ್ದರು. ಕರೆಯುವ ಮೊದಲು ಒಂದು ಕಡುಬು ಮುರಿದು ಬಾಯಿಗಿಟ್ಟುಕೊಂಡೆ. ಬೆಲ್ಲ ಸ್ವಲ್ಪ ಮುಂದಾಗಿತ್ತು. ನನಗೆ ಹಾಗೇ ಇಷ್ಟ.